ಸಂಕದಿಂದ ತೂಗುಸೇತುವೆಗೆ

ನಮ್ಮ ಮನೆಗೂ ಶಾಲೆಗೂ ನಡುವೆ ಒಂದು ಹೊಳೆ ಇತ್ತು. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು, ಇಳಿದು ದಾಟಿದರಾಯಿತು. ಮಳೆಗಾಲದಲ್ಲಿ ಮಾತ್ರ ಸಂಕವೇ ಗತಿ. ಸಂಕ ಅಂದರೆ ಗೊತ್ತೇ ಮಕ್ಕಳೇ? ಎರಡು ಅಡಿಕೆ ಮರ ಜೋಡಿಸಿ ಈ ದಡದಿಂದ ಆ ದಡಕ್ಕೆ ಹಾಕಿದ ಕಾಲುದಾರಿ. ಹಿಡಿದುಕೊಳ್ಳಲು ಒಂದು ಬಿದಿರಿನ ಗಳ, ಅಷ್ಟೇ. ಪಾಚಿ ಕಟ್ಟಿತೆಂದರೆ ಎಣ್ಣೆ ಹಚ್ಚಿದ ಹಾಗೆ ಜಾರುತ್ತಿತ್ತು.

ಅಕ್ಕ ಆರನೇ ತರಗತಿಯಲ್ಲಿದ್ದಾಗ ಆ ಸಂಕದಿಂದ ಜಾರಿದಳು. ಬಿದಿರು ಕೈಗೆ ಸಿಕ್ಕಿದ್ದರಿಂದ ಉಳಿದಳು. ಪುಸ್ತಕದ ಚೀಲ ಹೊಳೆಯ ಪಾಲಾಯಿತು. "ಇನ್ನು ಶಾಲೆ ಸಾಕು" ಎಂದರು ಅಮ್ಮ. ಗಂಡು ಹುಡುಗ ಎಂದು ನನ್ನನ್ನು ಕಳಿಸಿದರು. ಓದಿನಲ್ಲಿ ನನಗಿಂತ ಜಾಣೆಯಾಗಿದ್ದ ಅಕ್ಕ ಮನೆಯಲ್ಲೇ ಉಳಿದಳು.

ಕಳೆದ ಮಳೆಗಾಲ ಅಕ್ಕನನ್ನೂ ಮೊಮ್ಮಗಳನ್ನೂ ಕರೆದುಕೊಂಡು ಸುಳ್ಯದ ಕಡೆ ನೆಂಟರ ಮನೆಗೆ ಹೊರಟೆ. ಅವರ ತೋಟ ಹೊಳೆಯ ಆಚೆ. ದಾಟಲು ತೂಗುಸೇತುವೆ.

ಸುಳ್ಯಕ್ಕೂ ತೂಗುಸೇತುವೆಗೂ ದೊಡ್ಡ ನಂಟು. ಇಲ್ಲಿಯ ಎಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನ ಬಳಿ ಪಯಸ್ವಿನಿ ನದಿಗೆ ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ಕರ್ನಾಟಕ, ಕೇರಳ, ಆಂಧ್ರ, ಒಡಿಶಾಗಳ ಹಳ್ಳಿಗಳಲ್ಲಿ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಎರಡೂ ದಡದಲ್ಲಿ ಎತ್ತರದ ಕಂಬ. ಅವುಗಳ ತಲೆಯ ಮೇಲಿಂದ ದಪ್ಪ ಉಕ್ಕಿನ ಹಗ್ಗ ಹಾಯಿಸಿ, ತುದಿಗಳನ್ನು ನೆಲದಲ್ಲಿ ಭದ್ರವಾಗಿ ಹೂತಿರುತ್ತಾರೆ. ಆ ಹಗ್ಗದಿಂದ ಇಳಿಬಿಟ್ಟ ಸರಳುಗಳು ನಡೆಯುವ ಹಲಗೆಗಳನ್ನು ಹಿಡಿದಿರುತ್ತವೆ. ನೀರಿನ ನಡುವೆ ಕಂಬವೇ ಇಲ್ಲದ್ದರಿಂದ, ನೆರೆಯಲ್ಲಿ ತೇಲಿ ಬರುವ ಮರಗಳು ಬಡಿಯುವ ಭಯ ಕಡಿಮೆ.

ಆದರೆ ಸೇತುವೆಯ ಬುಡಕ್ಕೆ ಬಂದ ಅಕ್ಕ ನಿಂತೇಬಿಟ್ಟಳು. ಕೆಳಗೆ ಕೆಂಪು ನೀರು ಸದ್ದು ಮಾಡುತ್ತಿತ್ತು.

ಧೈರ್ಯ ಹೇಳಲು ಹೋಗಿ ನಾನೊಂದು ಕಥೆ ತೆಗೆದೆ. "1831ರಲ್ಲಿ ಇಂಗ್ಲೆಂಡಿನ ಬ್ರಾಟನ್ ಎಂಬಲ್ಲಿ ಸೈನಿಕರು ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತ ತೂಗುಸೇತುವೆ ದಾಟಿದರು. ಪ್ರತಿ ಹೆಜ್ಜೆಗೂ ತೂಗಾಟ ಹೆಚ್ಚಿ ಸೇತುವೆ ಮುರಿಯಿತು. ಆಮೇಲೆ ಸೇತುವೆ ಮೇಲೆ ತಾಳ ತಪ್ಪಿಸಿ ನಡೆಯಿರಿ ಎಂದು ಸೈನಿಕರಿಗೆ ಹೇಳತೊಡಗಿದರು."

"ಹೆದರುವವಳಿಗೆ ಹೇಳುವ ಕಥೆಯೇನೋ ಇದು!" ಎಂದು ಅಕ್ಕ ಗದರಿದಳು.

"ದೊಡ್ಡಜ್ಜೀ, ಹಾಗಾದ್ರೆ ನಾವು ಮೂವರೂ ಬೇರೆ ಬೇರೆ ಹೆಜ್ಜೆ ಹಾಕೋಣ" ಎಂದಳು ಮೊಮ್ಮಗಳು.

ಅಷ್ಟರಲ್ಲಿ ಆಚೆ ದಡದಿಂದ ಶಾಲೆಯ ಹುಡುಗಿಯರ ದಂಡು ಬಂತು. ಬೆನ್ನಿಗೆ ಚೀಲ, ಕೈಯಲ್ಲಿ ಕೊಡೆ. ನಗುತ್ತ, ಮಾತಾಡುತ್ತ, ಕೆಳಗಿನ ನೀರನ್ನು ನೋಡದೆ ದಾಟಿ ಬಂದರು. ಅಕ್ಕ ಒಬ್ಬಳನ್ನು ನಿಲ್ಲಿಸಿದಳು.

"ಎಷ್ಟನೇ ಕ್ಲಾಸು ಮಗಾ?"

"ಆರು, ಅಜ್ಜಿ."

"ಮಳೆ ಜೋರಾದರೂ ಹೋಗ್ತೀಯಾ?"

"ಹೂಂ. ಸೇತುವೆ ಉಂಟಲ್ಲ!"

ಅಕ್ಕ ಅವಳ ಚೀಲವನ್ನೊಮ್ಮೆ ಸವರಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೇತುವೆ ಹತ್ತಿದಳು. ಅದು ತೂಗಿತು. ನಡುವೆ ಒಮ್ಮೆ ನನ್ನ ಕೈ ಬಿಗಿಯಾಗಿ ಹಿಡಿದಳು, ಮತ್ತೆ ಬಿಟ್ಟಳು. ಆಚೆ ದಡ ಮುಟ್ಟಿ ಹಿಂದಿರುಗಿ ನೋಡಿ, "ಇನ್ನೊಂದು ಸಲ ಹೋಗಿ ಬರೋಣವೇನೋ?" ಎಂದಳು.

ಆ ದಿನ ನಾವು ಸೇತುವೆಯನ್ನು ಮೂರು ಸಲ ದಾಟಿದ ಮೇಲೇ ನೆಂಟರ ಮನೆಗೆ ಹೋದದ್ದು.

ನಿಮ್ಮ ಅಜ್ಜ ಅಜ್ಜಿ ಏನನ್ನು ದಾಟಿ ಶಾಲೆಗೆ ಹೋಗುತ್ತಿದ್ದರು? ಇವತ್ತೇ ಕೇಳಿ ನೋಡಿ.