ಅಪ್ಪ ಎದ್ದರೆ ಸೂಜಿ ಜಿಗಿಯುತ್ತಿತ್ತು

ಕಳೆದ ವರ್ಷ ಮೊಣಕಾಲಿನ ಆಪರೇಷನ್ ಆದ ಮೇಲೆ ಅಪ್ಪ ಧಾರವಾಡದಿಂದ ನಮ್ಮ ಮನೆಗೆ ಬಂದರು. ನಾವಿರುವುದು ಮುಂಬೈನ ದಾದರ್‌ನಲ್ಲಿ, ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ, ಬಾಡಿಗೆಗೆ. ಮರದ ತೊಲೆಗಳ ಮೇಲೆ ನಿಂತ ನೆಲ. ಮಗಳು ಓಡಿದರೆ ಶೋಕೇಸಿನ ಗಾಜು ಗಲಗಲ ಅನ್ನುತ್ತದೆ.

ಅಪ್ಪ ಔಷಧಿ ಚೀಲಕ್ಕಿಂತ ಜೋಪಾನವಾಗಿ ತಂದದ್ದು ಹನ್ನೆರಡು ಎಲ್‌ಪಿ ರೆಕಾರ್ಡುಗಳನ್ನು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಅವರ ಹಳೆಯ ಪ್ಲೇಯರ್ ಕೆಟ್ಟು ವರ್ಷಗಳೇ ಆಗಿದ್ದವು. ಹೇಗೂ ಮನೆಯಲ್ಲೇ ಕೂರಬೇಕಲ್ಲ, ಕೇಳಲಿ ಅಂತ ಒಂದು ಹೊಸ ಟರ್ನ್‌ಟೇಬಲ್ ತಂದೆ. ಟಿವಿ ಇಡುವ ಯೂನಿಟ್ಟಿನ ಮೇಲೆ ಅದನ್ನಿಟ್ಟು, ಅಕ್ಕಪಕ್ಕ ಎರಡು ಸ್ಪೀಕರ್ ಇಟ್ಟೆ. ನೋಡಲು ಚೆನ್ನಾಗಿತ್ತು.

ಕೇಳಲು ಚೆನ್ನಾಗಿರಲಿಲ್ಲ. ಸ್ವಲ್ಪ ಧ್ವನಿ ಏರಿಸಿದರೆ ಸಾಕು, ಗುಂಯ್ ಎಂಬ ಸದ್ದು ತಾನೇ ಬೆಳೆಯುತ್ತಿತ್ತು. ಕಾರಣ ಸರಳ. ರೆಕಾರ್ಡಿನ ಗೀರುಗಳಲ್ಲಿರುವ ಅತಿ ಸಣ್ಣ ಅಲುಗಾಟವನ್ನೇ ಸೂಜಿ ಸಂಗೀತ ಮಾಡುತ್ತದೆ. ಆ ಅಲುಗಾಟ ಗೀರಿನಿಂದ ಬಂತೋ ಹಲಗೆಯಿಂದ ಬಂತೋ ಅದಕ್ಕೆ ಗೊತ್ತಾಗುವುದಿಲ್ಲ. ಸ್ಪೀಕರ್ ಹಲಗೆಯನ್ನು ನಡುಗಿಸುತ್ತದೆ, ಹಲಗೆ ಸೂಜಿಯನ್ನು ನಡುಗಿಸುತ್ತದೆ, ಆ ನಡುಕ ಮತ್ತೆ ಸ್ಪೀಕರಿಗೇ ಹೋಗುತ್ತದೆ. ಸ್ಪೀಕರುಗಳನ್ನು ಬೇರೆ ಸ್ಟ್ಯಾಂಡುಗಳ ಮೇಲೆ ದೂರ ಇಟ್ಟೆ. ಗುಂಯ್ ನಿಂತಿತು.

ಇನ್ನೊಂದು ಕಾಟ ಉಳಿಯಿತು. ಯಾರಾದರೂ ಪಕ್ಕದಲ್ಲಿ ನಡೆದರೆ ಸೂಜಿ ಜಿಗಿಯುತ್ತಿತ್ತು. ಮನ್ಸೂರರ ತಾನೊಂದು ಅರ್ಧಕ್ಕೇ ತುಂಡಾಗುತ್ತಿತ್ತು. ಕೆಳಗೆ ರಬ್ಬರ್ ಕಾಲು ಹಾಕಿದೆ. ಅಡುಗೆಮನೆ ಕಟ್ಟೆ ಮಾಡಿ ಉಳಿದ ಗ್ರಾನೈಟ್ ತುಂಡು ತಂದು ಇಟ್ಟೆ. ಟೆನಿಸ್ ಚೆಂಡನ್ನು ಅರ್ಧ ಕತ್ತರಿಸಿ ಬೋರಲು ಹಾಕಿ ನೋಡಿದೆ. ಚೆಂಡುಗಳ ಮೇಲಂತೂ ಪ್ಲೇಯರ್ ಇನ್ನೂ ಹೆಚ್ಚು ತೂಗಾಡಿತು. ಕೊನೆಗೆ ಮಗಳಿಗೆ ಗದರಿದೆ: “ಅಜ್ಜನ ಹಾಡು ಹತ್ತಿದಾಗ ಓಡಬೇಡ ಅಂದೆನಲ್ಲ!”

ಆ ಮಾತು ಯಾರಿಗೆ ತಾಗಿತು ಅಂತ ನನಗೆ ತಿಳಿದದ್ದು ಎರಡು ವಾರದ ಮೇಲೆ.

ವಾಕರ್ ಹಿಡಿದು ಮನೆಯೊಳಗೇ ಆಗಾಗ ನಡೆಯಬೇಕು ಅಂತ ಡಾಕ್ಟರು ಅಪ್ಪನಿಗೆ ಹೇಳಿದ್ದರು. ಚೆಕಪ್ಪಿಗೆ ಹೋದಾಗ ಅವರು ಕಾಲು ಮಡಚಿಸಿ ನೋಡಿ, “ಇವರು ನಡೆಯುತ್ತಿಲ್ಲ” ಅಂದರು. ಮನೆಯಿಂದಲೇ ಕೆಲಸ ಮಾಡುವ ದಿನ ಗಮನಿಸಿದೆ. ರೆಕಾರ್ಡಿನ ಒಂದು ಬದಿ ಅಂದರೆ ಇಪ್ಪತ್ತು ನಿಮಿಷದ ಮೇಲೆ. ಅಪ್ಪ ಕುರ್ಚಿಯಿಂದ ಅಲುಗಾಡುತ್ತಿರಲಿಲ್ಲ. ಬದಿ ಮುಗಿದರೆ ನನ್ನ ಹೆಂಡತಿ ಬಂದು ತಿರುಗಿಸಿ ಹಾಕುತ್ತಿದ್ದಳು, ಮತ್ತೆ ಹಾಗೇ ಕೂತಿರುತ್ತಿದ್ದರು. ಬಾತ್‌ರೂಮಿಗೂ ತಡೆದುಕೊಂಡು.

“ಯಾಕಪ್ಪಾ ಏಳವಲ್ರಿ?” ಅಂದೆ.

“ನಾ ಎದ್ರ ಸೂಜಿ ಜಿಗಿತೈತಿ. ನೀ ಆ ಕೂಸಿಗೆ ಬೈತಿ. ನಾ ಏನ್ ಹೇಳ್ಲಿ?”

ನನಗೆ ಮಾತು ಹೊರಡಲಿಲ್ಲ. ಅಪ್ಪ ಕೇಳಲಿ ಅಂತ ತಂದ ವಸ್ತುವಿಗಾಗಿ ಅಪ್ಪನ ಕಾಲನ್ನೇ ಕಟ್ಟಿಹಾಕಿದ್ದೆ.

ಆ ಸಂಜೆ ಒಂದು ಲೋಟ ತುಂಬ ನೀರು ತೆಗೆದುಕೊಂಡು ಮನೆಯೆಲ್ಲ ಸುತ್ತಿದೆ. ಯೂನಿಟ್ಟಿನ ಮೇಲಿಟ್ಟು ಮಗಳಿಗೆ ಓಡು ಅಂದೆ. ನೀರು ಕುಣಿಯಿತು. ಊಟದ ಟೇಬಲ್ಲಿನ ಮೇಲೂ ಅದೇ. ಹೊರಗೋಡೆಯ ಕಿಟಕಿಯ ಕಟ್ಟೆಯ ಮೇಲಿಟ್ಟಾಗ ಮಾತ್ರ ನೀರು ಹೆಚ್ಚುಕಡಿಮೆ ಸುಮ್ಮನಿತ್ತು. ಆಗ ಅರ್ಥವಾಯಿತು. ರಬ್ಬರು ಸಣ್ಣ, ವೇಗದ ಕಂಪನಗಳನ್ನು ನುಂಗುತ್ತದೆ. ಮರದ ನೆಲ ಕಾಲಿಟ್ಟಾಗ ಬಗ್ಗುವುದು ನಿಧಾನವಾಗಿ, ಸೆಕೆಂಡಿಗೆ ಕೆಲವೇ ಸಲ. ಅದು ರಬ್ಬರನ್ನು ದಾಟಿ ಬರುತ್ತದೆ. ಸೂಜಿ ಹಿಡಿದ ತೋಳು ಸಾಮಾನ್ಯವಾಗಿ 8ರಿಂದ 12 ಹರ್ಟ್ಜ್ ಆಸುಪಾಸಿನಲ್ಲಿ ತಾನೇ ತೂಗುವ ಗುಣದ್ದು, ಹತ್ತಿರದ ತಳ್ಳು ಸಿಕ್ಕರೆ ಜಿಗಿದೇಬಿಡುತ್ತದೆ. ಇಂಥ ನೆಲದ ಮೇಲೆ ಯಾವ ಸ್ಟ್ಯಾಂಡ್ ಇಟ್ಟರೂ ಅದು ನೆಲದ ಜೊತೆಗೇ ಅಲುಗಾಡುತ್ತದೆ. ನೆಲವನ್ನೇ ಬಿಟ್ಟುಬಿಡಬೇಕು.

ಅಪ್ಪ ಲೋಟವನ್ನೇ ನೋಡುತ್ತಿದ್ದರು. “ಊರಾಗ ಪ್ಲೇಯರ್ ಮಾಡದಾಗ ಯಾಕ ಇಟ್ಟಿದ್ದೆ ಅಂತ ತಿಳಕೊಂಡಿ?”

ಧಾರವಾಡದ ಮನೆಯ ಅಟ್ಟದ ಕೋಣೆಗೂ ಹಲಗೆಯ ನೆಲವೇ. ಅಲ್ಲಿ ದಪ್ಪ ಮಣ್ಣಿನ ಗೋಡೆಯಲ್ಲಿ ದೊಡ್ಡದೊಂದು ಮಾಡ, ಅಂದರೆ ಗೂಡು, ಇತ್ತು. ಪ್ಲೇಯರ್ ಇರುತ್ತಿದ್ದುದು ಅದರಲ್ಲಿ. ನಮ್ಮ ಕೈಗೆ ಸಿಗಬಾರದು ಅಂತ ಮೇಲಿಟ್ಟಿದ್ದಾರೆ ಅಂದುಕೊಂಡೇ ನಾನು ದೊಡ್ಡವನಾಗಿದ್ದೆ.

“ನೀವು ಇಬ್ರು ಅಣ್ಣತಮ್ಮ ದಿನಾ ಧಡಧಡ ಓಡ್ತಿದ್ರಿ. ನಿಮ್ಮನ್ನ ನಿಲ್ಲಸಾಕಾಗ್ತಿತ್ತೇನು?” ಅಂದರು.

ಮನೆ ಮಾಲೀಕರನ್ನು ಕೇಳಿ ಒಪ್ಪಿಸಿ, ಭಾನುವಾರ ಕಾರ್ಪೆಂಟರನ್ನು ಕರೆಸಿದೆ. ಕೋಣೆಗಳ ನಡುವಿನ ತೆಳು ಗೋಡೆ ಬೇಡ ಅಂದೆ, ಅದೂ ನಡುಗುತ್ತದೆ. ಕಟ್ಟಡದ ಭಾರ ಹೊತ್ತ ಹೊರಗೋಡೆಗೇ ಎರಡು ಕಬ್ಬಿಣದ ಬ್ರ್ಯಾಕೆಟ್, ಮೇಲೊಂದು ದಪ್ಪ ಪ್ಲೈವುಡ್ ಹಲಗೆ, ಅದರ ಕಾಲುಗಳು ನೆಲಕ್ಕಿಲ್ಲ. ಸ್ಪಿರಿಟ್ ಲೆವೆಲ್ಲಿನ ಗುಳ್ಳೆ ನಡುವೆ ನಿಲ್ಲುವವರೆಗೆ ಮಟ್ಟ ಸರಿಮಾಡಿದೆವು. ಒಟ್ಟು ಖರ್ಚು ನಾನು ಅಂಗಡಿಯಲ್ಲಿ ನೋಡಿಟ್ಟಿದ್ದ ಸ್ಟ್ಯಾಂಡಿಗಿಂತ ಬಹಳ ಕಡಿಮೆ.

ಕಾಂಕ್ರೀಟ್ ನೆಲದ ಹೊಸ ಫ್ಲ್ಯಾಟಿನಲ್ಲಿರುವವರಿಗೆ ಇಷ್ಟು ತಾಪತ್ರಯ ಬರಲಿಕ್ಕಿಲ್ಲ. ಗಟ್ಟಿ ಮೇಜು, ದೂರದ ಸ್ಪೀಕರ್ ಬಹುಶಃ ಸಾಕು. ಆದರೂ ದುಡ್ಡು ಸುರಿಯುವ ಮೊದಲು ಒಂದು ಲೋಟ ನೀರಿಟ್ಟು ನೋಡಿ.

ಮೊದಲ ದಿನ ಮನ್ಸೂರರನ್ನು ಹಾಕಿ, “ಈಗ ಏಳ್ರಿ” ಅಂದೆ. ಅಪ್ಪ ನಂಬಲಿಲ್ಲ. ವಾಕರ್ ಹಿಡಿದು ಒಂದು ಹೆಜ್ಜೆ ಇಟ್ಟು ನಿಂತು ಸೂಜಿಯನ್ನು ನೋಡಿದರು. ಇನ್ನೊಂದು ಹೆಜ್ಜೆ. ಹಾಡು ನಡೆದೇ ಇತ್ತು. ಅಡುಗೆಮನೆ ಬಾಗಿಲವರೆಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಮಗಳು ಅವರ ಹಿಂದಿನಿಂದ ಓಡಿಬಂದಳು. ಶೋಕೇಸಿನ ಗಾಜು ಗಲಗಲ ಅಂದಿತು. ಯಾರೂ ಅವಳನ್ನು ಗದರಲಿಲ್ಲ.