ಬರೆಯದೆ ಬಿಟ್ಟ ಸಾಲು

ಹನ್ನೆರಡು ಪುಟಗಳ ಆ ಕೆಲಸದ ಪಟ್ಟಿಯಲ್ಲಿ ಒಂದು ಸಾಲು ಇರಲಿಲ್ಲ. ಬರೆದವನು ನಾನು. ಪರಿಶೀಲಿಸಿದವರು ಇಬ್ಬರು, ಒಪ್ಪಿಗೆ ಕೊಟ್ಟವರು ಮತ್ತೊಬ್ಬರು. ತಪ್ಪಾಗಿ ಬರೆದದ್ದಾಗಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ಬರೆಯದೆ ಬಿಟ್ಟದ್ದು ಯಾರ ಕಣ್ಣಿಗೆ ಬೀಳಬೇಕು?

ಪರಮಾಣು ವಿದ್ಯುತ್ ಸ್ಥಾವರದಲ್ಲಿ ಉಪಕರಣಗಳ ಮಾರ್ಪಾಡನ್ನು ಯೋಜಿಸುವುದು, ಮಾರ್ಪಾಡಾದ ಮೇಲೆ ಪರೀಕ್ಷೆ ಹೇಗೆ ನಡೆಯಬೇಕೆಂದು ಹಂತ ಹಂತವಾಗಿ ಬರೆದುಕೊಡುವುದು ನನ್ನ ಕೆಲಸವಾಗಿತ್ತು. ಊರಿನ ಹೆಸರು, ಸ್ಥಾವರದ ಹೆಸರು ಇಲ್ಲಿ ಬೇಡ, ತಪ್ಪು ನನ್ನದು.

ರಿಯಾಕ್ಟರ್ ಕಟ್ಟಡದೊಳಗೆ ದೊಡ್ಡ ಪೈಪೊಂದು ಒಡೆದರೆ ಹಬೆ ತುಂಬಿಕೊಂಡು ಒತ್ತಡ ಏರುತ್ತದೆ. ಆಗ ಗಾಳಿ ಹೊರಹೋಗುವ ದಾರಿಯ ಡ್ಯಾಂಪರ್‌ಗಳು ತಾವಾಗಿಯೇ ಮುಚ್ಚಿಕೊಳ್ಳಬೇಕು. ಕಟ್ಟಡದೊಳಗೆ ಬಾಯಿ ತೆರೆದಿರುವ ಒಂದೊಂದು ಸಣ್ಣ ಪೈಪಿನ ಮೂಲಕ ಒತ್ತಡವನ್ನು ಗುರುತಿಸಲು ಮೂರು ಸ್ವಿಚ್‌ಗಳಿದ್ದವು; ಮೂರರಲ್ಲಿ ಎರಡು ಹೌದೆಂದರೆ ಸಾಕು, ಡ್ಯಾಂಪರ್‌ಗಳು ಮುಚ್ಚಿಕೊಳ್ಳುತ್ತವೆ. ಆ ಮೂರೂ ಹಳತಾಗಿದ್ದವು. ಶಟ್‌ಡೌನ್‌ನಲ್ಲಿ ಒಂದಾದ ಮೇಲೆ ಒಂದರಂತೆ ಹೊಸ ಮಾದರಿಯವನ್ನು ಕೂರಿಸಬೇಕಿತ್ತು.

ಮೊದಲನೆಯದನ್ನು ಕೂರಿಸಿದೆವು. ಶಿವಮೊಗ್ಗ ಕಡೆಯ ಹುಡುಗ, ನಮ್ಮ ಟೆಕ್ನೀಷಿಯನ್, ಕೇಳಿದ: “ಸರ್, ಕಟ್ಟಡದ ಒಳಗಿರೋ ಬಾಯಿಂದಲೇ ಗಾಳಿ ಕೊಟ್ಟು ನೋಡೋಣ್ವಾ?” ಹಾಗೆ ಮಾಡಬೇಕಾದರೆ ಒಳಗೆ ಅಟ್ಟಣಿಗೆ ಕಟ್ಟಬೇಕು, ಇನ್ನೊಂದು ಪರ್ಮಿಟ್ ತೆಗೆಯಬೇಕು, ಅರ್ಧ ಶಿಫ್ಟ್ ಹೋಗುತ್ತದೆ. ಸಂಜೆಯ ಮೀಟಿಂಗ್‌ನಲ್ಲಿ ನನ್ನ ಚಾರ್ಟು ಹಸಿರಾಗಿ ಕಾಣಬೇಕಿತ್ತು. “ಸ್ವಿಚ್ ಹತ್ರನೇ ಕೊಡಪ್ಪ, ಸಾಕು” ಎಂದೆ.

ಗುತ್ತಿಗೆಯ ಫಿಟ್ಟರ್ ಪಟ್ಟಿಯಲ್ಲಿದ್ದಂತೆ, ಗಾಳಿ ಹಿಂದಕ್ಕೆ ಸೋರದಿರಲೆಂದು, ಸ್ವಿಚ್‌ಗೆ ಬರುವ ಆ ಸಣ್ಣ ಪೈಪಿನ ಮೇಲಿನ ಪುಟ್ಟ ವಾಲ್ವನ್ನು ಮುಚ್ಚಿದ. ಕೈಪಂಪಿನಿಂದ ಗಾಳಿ ಕೊಟ್ಟೆವು. ಸ್ವಿಚ್ ಟಿಕ್ ಎಂದಿತು, ಕಂಟ್ರೋಲ್ ರೂಮಿನಲ್ಲಿ ದೀಪ ಹೊತ್ತಿತು. ‘ಪರೀಕ್ಷೆ ತೃಪ್ತಿಕರ’ ಎಂದು ಬರೆದು ಸಹಿ ಮಾಡಿದೆ.

ಎರಡನೆಯ ಸ್ವಿಚ್‌ಗೆ ಕೈ ಹಾಕಲು ಹೋದ ದಿನ ಅದೇ ಹುಡುಗ ಮೊದಲನೆಯದರ ಮುಂದೆ ನಿಂತುಬಿಟ್ಟ. ವಾಲ್ವಿನ ಹಿಡಿಕೆ ಪೈಪಿಗೆ ಅಡ್ಡವಾಗಿತ್ತು. ತೆರೆದಿದ್ದರೆ ಪೈಪಿನ ಉದ್ದಕ್ಕೇ ಇರಬೇಕಿತ್ತು. ಹೊಸ ಸ್ವಿಚ್ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತಿತ್ತು. ಕಟ್ಟಡದ ಒತ್ತಡ ಎಷ್ಟೇ ಏರಿದರೂ ಅದಕ್ಕೆ ತಿಳಿಯುತ್ತಿರಲಿಲ್ಲ. ಅವನು ಹಿಡಿಕೆ ತೋರಿಸಿದ, ಏನೂ ಹೇಳಲಿಲ್ಲ. ಹೇಳಿದ್ದರೆ ನನಗೆ ಸಿಟ್ಟು ಮಾಡಲು ಅವಕಾಶವಾದರೂ ಸಿಗುತ್ತಿತ್ತು.

ಪಟ್ಟಿ ತೆಗೆದು ನೋಡಿದೆ. ‘ವಾಲ್ವ್ ಮುಚ್ಚಿ’ ಎಂದಿತ್ತು. ‘ವಾಲ್ವ್ ತೆರೆಯಿರಿ’ ಎಂದಿರಲಿಲ್ಲ. ಅದೇ ಪಟ್ಟಿ ಹಿಡಿದು ನಾವು ಉಳಿದೆರಡನ್ನೂ ಬದಲಿಸುವವರಿದ್ದೆವು. ಒಂದು ಕೆಟ್ಟರೂ ಎರಡಿರಲಿ ಎಂದು ಮೂರನ್ನು ಇಟ್ಟಿದ್ದರು. ನನ್ನ ಒಂದು ಮರೆವು ಮೂರನ್ನೂ ಒಟ್ಟಿಗೇ ಕುರುಡು ಮಾಡುತ್ತಿತ್ತು.

ಮರೆವು ಯಾರಿಗಿಲ್ಲ? ನನ್ನನ್ನು ಕಾಡುವುದು ಮರೆವಲ್ಲ. ಮರೆವನ್ನು ಹಿಡಿಯಲೆಂದೇ ಇರುವ ಪರೀಕ್ಷೆಯನ್ನು, ನಪಾಸಾಗಲು ಸಾಧ್ಯವೇ ಇಲ್ಲದಂತೆ ನಾನು ಹೆಣೆದಿದ್ದೆ. ಯಂತ್ರವನ್ನು ನಾನು ಪ್ರಶ್ನಿಸಲಿಲ್ಲ, ಬೇಕಾದ ಉತ್ತರವನ್ನು ಅದರ ಬಾಯಿಗೆ ತುರುಕಿದೆ.

ತಮಾಷೆಯೆಂದರೆ, ಹೊಸಬರ ತರಬೇತಿಯಲ್ಲಿ, ಪರೀಕ್ಷೆಯೇ ದಾರಿ ತಪ್ಪಬಹುದೆಂದು ಪಾಠ ಮಾಡುತ್ತಿದ್ದವನು ನಾನು. ಅಮೆರಿಕದ ಅಲಬಾಮಾದ ಬ್ರೌನ್ಸ್ ಫೆರ್ರಿ ಸ್ಥಾವರದಲ್ಲಿ 1975ರ ಮಾರ್ಚ್ 22ರಂದು ಕೇಬಲ್‌ಗಳು ಗೋಡೆ ದಾಟುವ ಕಂಡಿಗಳಲ್ಲಿ ಗಾಳಿ ಸೋರುತ್ತಿದೆಯೇ ಎಂದು ಮೇಣದಬತ್ತಿಯ ಜ್ವಾಲೆ ಹಿಡಿದು ಪರೀಕ್ಷಿಸುತ್ತಿದ್ದರು. ಕಂಡಿಗೆ ತುಂಬಿದ್ದ ಫೋಮ್ ಹೊತ್ತಿಕೊಂಡಿತು. ಎರಡು ರಿಯಾಕ್ಟರ್‌ಗಳು ಚಾಲೂ ಇದ್ದವು. ಬೆಂಕಿ ಆರಲು ಸುಮಾರು ಏಳು ಗಂಟೆ ಹಿಡಿಯಿತು, 1,600ಕ್ಕೂ ಹೆಚ್ಚು ಕೇಬಲ್‌ಗಳು ಹಾಳಾದವು. ಎರಡೇ ದಿನದ ಹಿಂದೆ ಇಂಥದೇ ಸಣ್ಣ ಬೆಂಕಿ ಹೊತ್ತಿ ಆರಿತ್ತು. ಏನೂ ಆಗಲಿಲ್ಲವಲ್ಲ ಎಂದು ಮೇಣದಬತ್ತಿ ಮುಂದುವರಿದಿತ್ತು. ಇಷ್ಟು ಹೇಳಿದರೆ ಹುಡುಗರು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಚೆರ್ನೋಬಿಲ್ ಬಗ್ಗೆ ಹೇಳುವಾಗ ಯಾರೂ ನಗುತ್ತಿರಲಿಲ್ಲ. 1986ರ ಏಪ್ರಿಲ್ 26ರ ಆ ರಾತ್ರಿ ನಡೆಯುತ್ತಿದ್ದದ್ದೂ ಸುರಕ್ಷತೆಗೆ ಸಂಬಂಧಿಸಿದ ಪರೀಕ್ಷೆಯೇ: ಕರೆಂಟು ಹೋದರೆ, ಡೀಸೆಲ್ ಜನರೇಟರ್‌ಗಳು ಸಿದ್ಧವಾಗುವವರೆಗೆ, ನಿಲ್ಲುತ್ತಿರುವ ಟರ್ಬೈನಿನ ತಿರುಗುವಿಕೆಯಿಂದಲೇ ಪಂಪ್ ಓಡಿಸಬಹುದೇ? ಹಿಂದಿನ ಪ್ರಯತ್ನಗಳು ಕೈಗೂಡಿರಲಿಲ್ಲ. ಇದು ಬರೀ ವಿದ್ಯುತ್ ವಿಭಾಗದ ಕೆಲಸ ಎಂಬ ಭಾವನೆಯಲ್ಲಿ ಯೋಜನೆ ತಯಾರಾಗಿತ್ತು. 700ರಿಂದ 1,000 ಮೆಗಾವಾಟ್ ಶಾಖಶಕ್ತಿಯಲ್ಲಿ ನಡೆಯಬೇಕಿದ್ದ ಪರೀಕ್ಷೆಯನ್ನು 200ರಲ್ಲೇ ನಡೆಸಿದರು. ಇಂದೇ ಮುಗಿಸಿಬಿಡಬೇಕೆಂಬ ಹಟ ಎಂಥದೆಂದು ನಾನು ಬೋರ್ಡಿನ ಮುಂದೆ ನಿಂತು ಚೆನ್ನಾಗಿಯೇ ವಿವರಿಸುತ್ತಿದ್ದೆ. ಅದು ನನ್ನ ಹಸಿರು ಚಾರ್ಟಿನಲ್ಲೂ ಇತ್ತೆಂದು ಹೊಳೆಯಲಿಲ್ಲ. ಬೇರೆಯವರ ತಪ್ಪಿನಿಂದ ಪಾಠ ಹೇಳುವುದು ಸುಲಭ.

ಇನ್ನು ನಿಜವಾಗಿ ಹೇಳಬೇಕಾದದ್ದು. ವಾಲ್ವ್ ತೆರೆದೆವು. ಈ ಸಲ ಒಳಗಿನ ಬಾಯಿಯಿಂದಲೇ ಪರೀಕ್ಷೆ ಮಾಡಿದೆವು. ಅಪಾಯವೇನೂ ಆಗಲಿಲ್ಲ. ವರದಿ ಮಾತ್ರ ಬರೆಯಬೇಕಿತ್ತು. ‘ವಾಲ್ವ್ ಮುಚ್ಚಿದ ಸ್ಥಿತಿಯಲ್ಲಿ ಕಂಡುಬಂದಿತು’ ಎಂದು ಬರೆದೆ. ಮಾಡಿದವನೇ ಇಲ್ಲದ ವಾಕ್ಯ. ಓದಿದವರಿಗೆ ಮಾಡಿದವನು ಬೇಕಾದಾಗ, ವಾಲ್ವ್ ಮುಟ್ಟಿದ ಕೈ ಯಾವುದೆಂದು ಹುಡುಕಿದರು. ಫಿಟ್ಟರ್‌ನನ್ನು ಕರೆಸಿದರು. “ಕಾಗದದಲ್ಲಿದ್ದಷ್ಟೇ ಮಾಡಿದೆ” ಎಂದ. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದೇ ಕೋಣೆಯಲ್ಲಿ ನಾನೂ ಕೂತಿದ್ದೆ. ಅವನಿಗೆ ಎಚ್ಚರಿಕೆ ಕೊಟ್ಟು ಕಳಿಸಿದರು. ಮುಂದಿನ ಶಟ್‌ಡೌನ್‌ಗೆ ಗುತ್ತಿಗೆದಾರ ಅವನನ್ನು ಕರೆತರಲಿಲ್ಲ. ಎಚ್ಚರಿಕೆಯಿಂದಲೇ ಹೀಗಾಯಿತೋ ಏನೋ, ನಾನು ವಿಚಾರಿಸಲಿಲ್ಲ. ವಿಚಾರಿಸಿದರೆ ಉತ್ತರ ಸಿಗುತ್ತಿತ್ತು.

ಪಟ್ಟಿಯನ್ನು ತಿದ್ದಿದೆ. ‘ವಾಲ್ವ್ ತೆರೆಯಿರಿ. ತೆರೆದಿದೆಯೆಂದು ಇನ್ನೊಬ್ಬರು ನೋಡಿ ಸಹಿ ಹಾಕಲಿ’ ಎಂದು ಸೇರಿಸಿದೆ. ತಿದ್ದುಪಡಿಗೆ ಕಾರಣವೇನೆಂದು ಬರೆಯಲು ಪಕ್ಕದಲ್ಲೊಂದು ಕಾಲಂ ಇರುತ್ತದೆ. ಅಲ್ಲಿ ‘ಸ್ಪಷ್ಟತೆಗಾಗಿ’ ಎಂದು ಬರೆದೆ.

ನಿವೃತ್ತನಾಗಿದ್ದೇನೆ; ಆ ಕಾಲಂ ಈಗ ನನ್ನ ಕೈಗೆ ಸಿಗುವುದಿಲ್ಲ. ಅಲ್ಲಿ ಬರೆಯಬೇಕಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ: ಫಿಟ್ಟರ್ ಮರೆತಿರಲಿಲ್ಲ, ಮರೆತವನು ನಾನು.