ಹಿತ್ತಲ ಬಾಗಿಲು

ರಾಕೆಟ್ಟಿಗೂ ಬಾಂಬಿಗೂ ಅಂತರವೆಷ್ಟು ಎಂದು ಯಾರಾದರೂ ಕೇಳಿದರೆ, ಒಂದು ತೂತಿನಷ್ಟು ಎನ್ನಬಹುದು. ಉರಿಯುವ ಪುಡಿ ಎರಡರಲ್ಲೂ ಉಂಟು, ಅದನ್ನು ಹಿಡಿದಿಡುವ ಕೊಳವೆಯೂ ಉಂಟು. ಉರಿದ ಪುಡಿ ಅನಿಲವಾಗಿ ಹಿಗ್ಗುತ್ತದೆ. ಹಿಂದುಗಡೆ ದಾರಿಯಿದ್ದರೆ ಅನಿಲ ಹಿಂದಕ್ಕೆ ನುಗ್ಗುತ್ತದೆ, ಕೊಳವೆ ಮುಂದಕ್ಕೆ ಹಾರುತ್ತದೆ. ಆ ದಾರಿ ಕಟ್ಟಿತೋ, ಕೊಳವೆಯೇ ಒಡೆದು ದಿಕ್ಕುದಿಕ್ಕಿಗೆ ಚೆದುರುತ್ತದೆ. ಮನೆಗೆ ಹಿತ್ತಲ ಬಾಗಿಲು ಎಷ್ಟು ಮುಖ್ಯವೋ ರಾಕೆಟ್ಟಿಗೆ ಈ ತೂತು ಅಷ್ಟೇ ಮುಖ್ಯ.

ನಮ್ಮ ಕಾಲದ ಹುಡುಗರಿಗೆ ಆಕಾಶದ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. 1957ರ ಅಕ್ಟೋಬರ್ 4ರಂದು ರಷ್ಯದ ಸ್ಪುಟ್ನಿಕ್ ಭೂಮಿಯನ್ನು ಸುತ್ತತೊಡಗಿತು. 1961ರಲ್ಲಿ ಗಗಾರಿನ್ ತಾನೇ ಒಂದು ಸುತ್ತು ಹೋಗಿಬಂದ. 1963ರ ನವೆಂಬರ್ 21ರಂದು ನಮ್ಮ ದೇಶದ ತುಂಬಾದಿಂದಲೇ ನೈಕ್-ಅಪಾಚೆ ಎಂಬ ರಾಕೆಟ್ಟು ಮೇಲೇರಿತು. ಅಲ್ಲಿ ಹಳೆಯ ಚರ್ಚೊಂದೇ ಕಚೇರಿಯೆಂದು ತಿಳಿದ ಮೇಲೆ, ಮೈಸೂರಿನ ಒಂದು ಬಚ್ಚಲುಮನೆ ಪ್ರಯೋಗಶಾಲೆಯಾಗಬಾರದೇಕೆ? ಅದೂ ಅಲ್ಲದೆ ಈ ವಿದ್ಯೆ ನಮಗೆ ಪಿತ್ರಾರ್ಜಿತವೆಂಬ ಹೆಮ್ಮೆ ಬೇರೆ. ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಹಾರಿಸುತ್ತಿತ್ತು. ಇಂಗ್ಲಿಷರು ಅವನ್ನು ತಮ್ಮ ದೇಶಕ್ಕೆ ಒಯ್ದು, ನೋಡಿ ಕಲಿತು, ಕಾಂಗ್ರೀವನ ರಾಕೆಟ್ಟುಗಳನ್ನು ಮಾಡಿಕೊಂಡರು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಪಾಳುಬಾವಿಯೊಂದರಿಂದ ಅಂಥ ಸಾವಿರಕ್ಕೂ ಹೆಚ್ಚು ಕೊಳವೆಗಳನ್ನು ತೆಗೆದ ಸುದ್ದಿ ಓದಿದಾಗ, ಹಳೆಯ ಸ್ನೇಹಿತರ ವಿಳಾಸ ಸಿಕ್ಕಿದಂತಾಯಿತು ನನಗೆ.

1964ರಲ್ಲಿ ನಮ್ಮದು ನಾಲ್ವರ ಗುಂಪು. ಎಲ್ಲರಿಗೂ ಹದಿನಾಲ್ಕು, ಹದಿನೈದರ ವಯಸ್ಸು. ಅವರಲ್ಲಿ ಚುರುಕಾದವನು ಮುಖ್ಯ ವಿಜ್ಞಾನಿ. ಶೂರನಲ್ಲದ ನಾನು ಬಾವಿಕಟ್ಟೆಯ ಹಿಂದೆ ನಿಂತು ಹತ್ತರಿಂದ ಸೊನ್ನೆಯವರೆಗೆ ಎಣಿಸುವವನು. ಕೊಳವೆಯೊಳಗೆ ಏನೇನು ತುಂಬಿದೆವು ಎಂಬುದನ್ನು ಬರೆಯುವುದಿಲ್ಲ. ಓದುಗರ ಮನೆಯಲ್ಲೂ ಹುಡುಗರಿರುತ್ತಾರೆ. ಮೊದಲ ಎರಡು ರಾಕೆಟ್ಟುಗಳಿಗೆ ರಟ್ಟಿನ ಮೈ. ಒಂದು ಬುಸ್ಸೆಂದು ಮಲಗಿತು. ಇನ್ನೊಂದು ಪಕ್ಕದ ಮನೆಯ ಹಂಚಿನ ಮೇಲೆ ಹೋಗಿ ಕೂತಿತು. “ಮಂಗಳಗ್ರಹಕ್ಕೆ ಆಮೇಲೆ ಹೋಗೋರಂತೆ, ಮೊದಲು ನಿಮ್ಮ ಗ್ರಹಚಾರ ನೋಡ್ಕೊಳ್ರೋ” ಎಂದರು ಅಜ್ಜಿ.

ಮೂರನೆಯದಕ್ಕೆ ಹಳೆಯ ಸೈಕಲ್ ಪಂಪಿನ ಕೊಳವೆ. ಲೋಹ ಗಟ್ಟಿ, ಆದ್ದರಿಂದ ಎತ್ತರ ಹೆಚ್ಚು ಎಂಬುದು ಮುಖ್ಯ ವಿಜ್ಞಾನಿಯ ಲೆಕ್ಕ. ಅದು ಟಿಪ್ಪುವಿನ ಲೆಕ್ಕವೂ ಹೌದು. ಆದರೆ ಗಟ್ಟಿಯಾದದ್ದು ಒಡೆದರೆ ಚೂರುಗಳೂ ಗಟ್ಟಿಯಾಗಿರುತ್ತವೆ. ನಾನು ನಾಲ್ಕು ಎನ್ನುವಷ್ಟರಲ್ಲಿ ಒಡೆಯಿತು. ಒಂದು ಚೂರು ಬಚ್ಚಲಿನ ತಾಮ್ರದ ಹಂಡೆಯನ್ನು ತಗ್ಗುಮಾಡಿತು. ಇನ್ನೊಂದು, ಮುಖ್ಯ ವಿಜ್ಞಾನಿಯ ಎಡಗೈಯ ಎರಡು ಬೆರಳುಗಳ ತುದಿಯನ್ನು ಕೊಂಡುಹೋಯಿತು. ಅವನು ನಾಲ್ಕು ವರ್ಷದಿಂದ ಪಿಟೀಲು ಕಲಿಯುತ್ತಿದ್ದ. ತಂತಿಯನ್ನು ಒತ್ತುವುದು ಎಡಗೈಯ ಬೆರಳುಗಳು. ಆ ಪಿಟೀಲು ಬಹುಕಾಲ ಅವರ ನಡುಮನೆಯ ಗೋಡೆಯ ಮೇಲೆ, ಗವಸು ಹಾಕಿಕೊಂಡು ತೂಗುತ್ತಿತ್ತು.

ಹಿರಿಯರು ಏನು ಮಾಡಿದರೆಂದು ಹೇಳಬೇಕಾಗಿಲ್ಲ. ಬಚ್ಚಲುಮನೆಗೆ ಬೀಗ ಬಿತ್ತು, ಪುಸ್ತಕಗಳು ಅಟ್ಟಕ್ಕೆ ಹೋದವು, ನಾಲ್ವರೂ ಒಟ್ಟಿಗೆ ಕಾಣಿಸಬಾರದೆಂದು ಆಜ್ಞೆಯಾಯಿತು. ಹೆತ್ತವರ ಹೊಟ್ಟೆಯ ಸಂಕಟ, ತಪ್ಪೆನ್ನುವವರಾರು? ಆದರೆ ಬಾಗಿಲು ಹಾಕಿದ ಮಾತ್ರಕ್ಕೆ ಒಳಗಿನ ಒತ್ತಡ ಇಳಿಯುವುದಿಲ್ಲ. ವಾರ ಕಳೆಯುವಷ್ಟರಲ್ಲಿ ಉಳಿದ ಇಬ್ಬರು ಯಾರೂ ಕಾಣದ ಒಂದು ತಾರಸಿಯನ್ನು ಹುಡುಕಿಟ್ಟಿದ್ದರು.

ಅಲ್ಲಿಗೆ ಹೋಗದಂತೆ ತಡೆದವರು ನಮ್ಮ ವಿಜ್ಞಾನದ ಮೇಷ್ಟರು. ಅವರು ಬೈಯಲಿಲ್ಲ. “ಎಷ್ಟು ದೂರದಲ್ಲಿ ನಿಂತಿದ್ರಿ?” ಎಂದರು. ಇಡೀ ಊರಿನಲ್ಲಿ ನಮ್ಮನ್ನು ಪ್ರಶ್ನೆ ಕೇಳಿದವರು ಅವರೊಬ್ಬರೇ. ಉಳಿದವರೆಲ್ಲ ಉತ್ತರವನ್ನೇ ಹೇಳುತ್ತಿದ್ದರು. ಆಮೇಲೆ ಕೊಠಡಿಯ ಈ ಗೋಡೆಯಿಂದ ಆ ಗೋಡೆಗೆ ದಾರ ಕಟ್ಟಿಸಿ, ಊದಿದ ಬಲೂನನ್ನು ಅದಕ್ಕೆ ಜೋತುಹಾಕಿ ಬಾಯಿ ಬಿಡಿಸಿದರು. ಬಲೂನು ಓಡಿತು. ಎಷ್ಟು ಊದಿದರೆ ಎಷ್ಟು ಅಡಿ ಎಂದು ಟೇಪು ಹಿಡಿದು ಅಳೆಸಿದರು. ಎಡಗೈಗೆ ಬಟ್ಟೆ ಸುತ್ತಿಕೊಂಡಿದ್ದ ಮುಖ್ಯ ವಿಜ್ಞಾನಿ ಬಲಗೈಯಿಂದ ಅಂಕಿಗಳನ್ನು ಬರೆದುಕೊಂಡ. ಆ ದಿನದಿಂದ ತಾರಸಿಯ ಮಾತನ್ನು ಯಾರೂ ಎತ್ತಲಿಲ್ಲ.

ಸಮುದ್ರದಾಚೆಯ ಕಥೆಯೂ ಇದೇ. ಅಮೆರಿಕದ ಕೋಲ್‌ವುಡ್ ಎಂಬ ಕಲ್ಲಿದ್ದಲ ಊರಿನ ಹೋಮರ್ ಹಿಕಮ್ ಎಂಬ ಹುಡುಗ, ಸ್ಪುಟ್ನಿಕ್ಕನ್ನು ಕಂಡ ಉತ್ಸಾಹದಲ್ಲಿ ಮೊದಲು ಉಡಾಯಿಸಿದ್ದು ತಾಯಿಯ ಗುಲಾಬಿ ತೋಟದ ಬೇಲಿಯನ್ನು. ಊರ ಹೊರಗೆ ಗಣಿಯ ಕಸ ಸುರಿಯುವ ಬಯಲು ಸಿಕ್ಕಿತು; ಕಮ್ಮಟದ ಕೆಲಸಗಾರರು ಕೈಜೋಡಿಸಿದರು; ಫ್ರೀಡಾ ರೈಲಿ ಎಂಬ ಉಪಾಧ್ಯಾಯಿನಿ ಪುಸ್ತಕ ಕೊಟ್ಟರು. 1960ರಲ್ಲಿ ಅವನು ರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ ಬಹುಮಾನ ಪಡೆದ. ಮುಂದೆ ನಾಸಾದಲ್ಲಿ ಎಂಜಿನಿಯರಾದ. ಅದೇ ದೇಶದಲ್ಲಿ ಬೆರಳು, ಕಣ್ಣು ಕಳೆದುಕೊಂಡ ಹುಡುಗರೂ ಇದ್ದರು. ಅದನ್ನು ಕಂಡು ಮರುಗಿದ ಹ್ಯಾರಿ ಸ್ಟೈನ್ ಎಂಬ ಎಂಜಿನಿಯರು, ಚಪ್ಪಲಿ ಅಂಗಡಿಯ ಆರ್ವಿಲ್ ಕಾರ್ಲೈಲ್ ರೂಪಿಸಿದ್ದ ಆಟದ ರಾಕೆಟ್ಟನ್ನು 1957ರಿಂದ ಪ್ರಚಾರಕ್ಕೆ ತಂದ. ರಟ್ಟಿನ ಮೈ, ಪುಡಿ ತುಂಬುವ ಕೆಲಸ ಕಾರ್ಖಾನೆಯದು, ಹೊತ್ತಿಸುವುದು ದೂರದಿಂದ, ವಿದ್ಯುತ್ತಿನಿಂದ. ಹುಡುಗರ ಪಾಲಿಗೆ ಆಕಾಶ ಉಳಿಯಿತು, ಬೆರಳೂ ಉಳಿಯಿತು.

ಈಗಿನ ಮನೆಗಳಿಗೆ ಹಿತ್ತಲೇ ಇಲ್ಲ. ಪುಡಿ ಬೆರೆಸುವ ಕ್ರಮವೇನೋ ಜೇಬಿನ ಫೋನಿನಲ್ಲಿ ಸಿಕ್ಕೀತು. ಎಷ್ಟು ದೂರ ನಿಂತಿದ್ದೆ ಎಂದು ಕೇಳುವ ಮೇಷ್ಟರು ಅದರೊಳಗಿಲ್ಲ. ಆದ್ದರಿಂದ ಮನೆಯಲ್ಲಿ ಹದಿನಾಲ್ಕರ ಹುಡುಗನೋ ಹುಡುಗಿಯೋ ಇದ್ದು, ಬಹಳ ಹೊತ್ತು ಸದ್ದೇ ಇಲ್ಲವಾದರೆ, ಎದ್ದು ಹೋಗಿ “ಏನು ಮಾಡ್ತಿದೀಯಪ್ಪ?” ಎಂದು ಕೇಳುವುದು ಒಳ್ಳೆಯದು. ಕೇಳಿದ ಮೇಲೆ, ದಯವಿಟ್ಟು, ಉತ್ತರ ಮುಗಿಯುವವರೆಗೆ ಕೂತಿರಿ.